ಅಡ್ಡಹೆಸರಿನ ಜಾಡು ಹಿಡಿಯುವವರು

ಮಾಘ ಮಾಸ ಬಂತೆಂದರೆ ನಮ್ಮ ಪೆಂಡುರ್ತಿಯ ಕಲ್ಯಾಣಮಂಟಪಗಳ ಮುಂದೆ ಫ್ಲೆಕ್ಸುಗಳು ಏಳುತ್ತವೆ. ವಿಶಾಖಪಟ್ಟಣದ ಅಂಚಿನಲ್ಲಿರುವ ಈ ಊರಿಗೆ ಕೆಲಸದ ಮೇಲೆ ಬಂದು ನೆಲೆ ನಿಂತ ನನ್ನಂಥ ಕನ್ನಡಿಗರ ಕಣ್ಣಿಗೆ ಆ ಫ್ಲೆಕ್ಸುಗಳಲ್ಲಿ ಮೊದಲು ಬೀಳುವುದು ಬರಹದ ಕ್ರಮ. ಮದುಮಗ, ಮದುಮಗಳ ಹೆಸರು ಆಮೇಲೆ. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಇಂಥವರ ‘ವಾರಿ ಪೆಳ್ಳಿ ಸಂದಡಿ’ ಎಂದು ಮನೆತನದ ಹೆಸರು. ತೆಲುಗರು ಇದನ್ನು ಇಂಟಿಪೇರು ಅನ್ನುತ್ತಾರೆ. ಧಾರವಾಡದ ಕಡೆಯ ನಮ್ಮ ಅಡ್ಡಹೆಸರು ಕೊನೆಯಲ್ಲಿ ಬಂದರೆ, ಇವರ ಇಂಟಿಪೇರು ಎಲ್ಲಕ್ಕೂ ಮುಂದೆ ನಿಲ್ಲುತ್ತದೆ. ಹೊಸಬರ ಪರಿಚಯವಾದರೆ ಎರಡನೆಯ ಮಾತಿಗೇ ‘ಮೀ ಇಂಟಿಪೇರು ಏಮಿಟಂಡಿ?’ ಎಂಬ ಪ್ರಶ್ನೆ. ಅಪ್ಪನ ಹೆಸರನ್ನೇ ಇನಿಷಿಯಲ್ ಮಾಡಿಕೊಂಡು ಬಂದ ಹಳೇ ಮೈಸೂರು ಸೀಮೆಯವರು ಇಲ್ಲಿ ಒಂದು ಕ್ಷಣ ತಡವರಿಸುತ್ತಾರೆ.

ಈ ಊರಿನ ಹೆಸರೂ ಒಂದು ಇಂಟಿಪೇರು. ಪೆಂಡುರ್ತಿ ಎಂಬ ಇಂಟಿಪೇರಿನವರು ಆಂಧ್ರದಲ್ಲಿದ್ದಾರೆ. ಪೂರ್ವ ಗೋದಾವರಿ ಕಡೆಯ ರಾಜಾನಗರಂ ಕ್ಷೇತ್ರದಿಂದ ಎರಡು ಸಲ ಶಾಸಕರಾಗಿದ್ದ ಪೆಂಡುರ್ತಿ ವೆಂಕಟೇಶ್ ಅವರ ಹೆಸರು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಊರು ಇಲ್ಲಿ, ಹೆಸರು ಅಲ್ಲಿ. ಒಂದು ಹೆಸರು ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ನಡೆಯಿತು, ಈಗ ಎಲ್ಲೆಲ್ಲಿ ಹರಡಿದೆ ಎಂದು ಕಂಡುಹಿಡಿಯುವುದು ಒಂದು ಕಸುಬು. ತಾಳ್ಮೆ ಬೇಡುವ, ಕಣ್ಣಿಗೂ ಕಿವಿಗೂ ಸಮಾನವಾಗಿ ಕೆಲಸ ಕೊಡುವ ಆ ಕಸುಬಿನ ಬಗ್ಗೆ ನನಗೆ ಬಹಳ ದಿನಗಳಿಂದ ಗೌರವ. ಅದು ಹೇಗೆ ನಡೆಯುತ್ತದೆ ಎಂಬುದನ್ನು ತೋರಿಸಲು ನಾವೆಲ್ಲ ದಿನವೂ ಬಾಯಲ್ಲಿ ಆಡುವ, ಆದರೆ ಮನೆತನದ ಹೆಸರೆಂದು ನೆನೆಯದೇ ಇರುವ ಒಂದು ಹೆಸರನ್ನು ಎತ್ತಿಕೊಳ್ಳುತ್ತೇನೆ: ಕಬ್ಬನ್.

ಕಬ್ಬನ್ ಪಾರ್ಕ್, ಕಬ್ಬನ್ ರಸ್ತೆ, ಕಬ್ಬನ್ ಪೇಟೆ. ಬೆಂಗಳೂರಿನವರಿಗೆ ಇದು ಊರಿನ ಒಂದು ಭಾಗ. 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಸರ್ ಮಾರ್ಕ್ ಕಬ್ಬನ್ ಇದರ ಮೂಲ ಎಂಬುದೂ ಹಲವರಿಗೆ ಗೊತ್ತು. ಆದರೆ ಬ್ರಿಟನ್ನಿನಲ್ಲಿ ಇದು ಸ್ಮಿತ್, ಜೋನ್ಸ್, ಬ್ರೌನ್‌ಗಳಂತೆ ಬೀದಿಗೊಬ್ಬರಿಗಿರುವ ಹೆಸರಲ್ಲ. ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ ಹುಡುಕಿದರೂ ಒಬ್ಬ ಕಬ್ಬನ್ ಸಿಗಲಿಕ್ಕಿಲ್ಲ. ಇಂಥ ಅಪರೂಪದ ಹೆಸರುಗಳೇ ಈ ಕಸುಬಿನವರಿಗೆ ಪ್ರೀತಿ. ಕಮ್ಮಾರನಿಂದ ಬಂದ ಸ್ಮಿತ್ ನೂರಾರು ಊರುಗಳಲ್ಲಿ ಬೇರೆಬೇರೆಯಾಗಿ ಹುಟ್ಟಿರುತ್ತದೆ. ಅದರ ಜಾಡು ಹಿಡಿಯಲು ಹೊರಟವನು ನಡುದಾರಿಯಲ್ಲೇ ಕಳೆದುಹೋಗುತ್ತಾನೆ. ಅಪರೂಪದ ಹೆಸರು ಸಾಮಾನ್ಯವಾಗಿ ಒಂದೆರಡು ಕಡೆ ಮಾತ್ರ ಹುಟ್ಟಿರುತ್ತದೆ. ಅದರ ಹಿಂದೆ ಹೋದರೆ ಒಂದು ಸೀಮೆ, ಕೆಲವೊಮ್ಮೆ ಒಂದೇ ಹೊಲಮನೆ ಸಿಗುತ್ತದೆ.

ಮೊದಲ ಪಾಠ, ಕಿವಿಯನ್ನು ನಂಬಬಾರದು. ಕಬ್ಬನ್ ಪೇಟೆ ಎಂಬ ಹೆಸರು ಮಾತ್ರ ಉಳಿದು ಕಮಿಷನರರ ಚರಿತ್ರೆ ಮರೆತುಹೋಯಿತೆಂದು ಇಟ್ಟುಕೊಳ್ಳಿ. ಐನೂರು ವರ್ಷದ ನಂತರ ಬರುವ ಜಾಣನೊಬ್ಬ ಅದನ್ನು ಕಬ್ಬಿನ ಪೇಟೆ ಎಂದು ಬಿಡಿಸಿ, ಇಲ್ಲಿ ಬೆಲ್ಲದ ವ್ಯಾಪಾರ ಜೋರಾಗಿತ್ತು ಎಂದು ಬರೆಯಬಹುದು. ಇನ್ನೊಬ್ಬ ಕಬ್ಬುನ ಎಂಬ ಹಳೆಯ ರೂಪ ತೆಗೆದು, ಇದು ಕಬ್ಬಿಣದ ಕೆಲಸದವರ ಕೇರಿ ಎನ್ನಬಹುದು. ಎರಡೂ ಎಷ್ಟು ನಂಬುವಂತಿವೆ ನೋಡಿ. ಹೆಸರುಗಳ ವಿಷಯದಲ್ಲಿ ನಂಬುವಂತಿರುವುದೇ ಅಪಾಯ. ಅದಕ್ಕೇ ಕಸುಬು ಬಲ್ಲವರು ಹೆಸರಿನ ಈಗಿನ ರೂಪವನ್ನು ಬಿಡಿಸಲು ಹೋಗುವುದಿಲ್ಲ. ಹಿಂದಿನ ತಲೆಮಾರಿನಲ್ಲಿ ಹೇಗೆ ಬರೆದಿದ್ದರು, ಅದಕ್ಕೂ ಹಿಂದೆ ಹೇಗೆ ಎಂದು ಚರ್ಚಿನ ದಾಖಲೆ, ಜಮೀನಿನ ಪತ್ರ, ಕೋರ್ಟಿನ ಕಡತಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾರೆ. ಅತ್ಯಂತ ಹಳೆಯ ರೂಪ ಸಿಕ್ಕಿದ ಮೇಲೆಯೇ ಅರ್ಥದ ಮಾತು.

ಕಬ್ಬನ್ ವಿಷಯದಲ್ಲಿ ಆ ಮೆಟ್ಟಿಲುಗಳು ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪಕ್ಕೆ ಇಳಿಸುತ್ತವೆ. ಅಲ್ಲಿಯ ಹಳೆಯ ಭಾಷೆ ಮ್ಯಾಂಕ್ಸ್, ಐರಿಷ್ ಭಾಷೆಯ ಹತ್ತಿರದ ನೆಂಟ. ಐರ್ಲೆಂಡ್, ಸ್ಕಾಟ್ಲೆಂಡುಗಳಲ್ಲಿರುವಂತೆ ಇಲ್ಲಿಯೂ ಮನೆತನದ ಹೆಸರೆಂದರೆ ‘ಮ್ಯಾಕ್’ ಎಂದು ಶುರುವಾಗುತ್ತಿತ್ತು. ಇಂಥವನ ಮಗ ಎಂದು ಅರ್ಥ. ಆದರೆ ದ್ವೀಪದವರ ಬಾಯಲ್ಲಿ ಕಾಲಕ್ರಮೇಣ ಮ್ಯಾಕ್‌ನ ಮೊದಲ ಭಾಗ ಸವೆದುಹೋಗಿ ಕೊನೆಯ ಕಕಾರ ಮಾತ್ರ ಮುಂದಿನ ಹೆಸರಿಗೆ ಅಂಟಿಕೊಂಡಿತು. ಮ್ಯಾಕ್ ಐಸಾಕ್ ಎಂಬುದು ಕಿಸ್ಸಾಕ್ ಆಯಿತು. ಮ್ಯಾಕ್ ವಿಲಿಯಮ್ ಕ್ವಿಲಿಯಮ್ ಆಯಿತು. ಮ್ಯಾಕ್ ಡರ್ಮಟ್ ಕರ್ಮೋಡ್ ಆಯಿತು. ದ್ವೀಪದ ಹಳೆಯ ಮನೆತನಗಳ ಪಟ್ಟಿ ತೆಗೆದರೆ ಕಕಾರದಿಂದ ಶುರುವಾಗುವ ಹೆಸರುಗಳ ಸಾಲೇ ಕಾಣುವುದು ಇದರಿಂದ. ಒಮ್ಮೆ ಈ ಸೂತ್ರ ತಿಳಿದವರಿಗೆ ಲಂಡನ್ನಿನ ಒಂದು ಬಾಗಿಲ ಫಲಕದಲ್ಲಿ ಕಿಸ್ಸಾಕ್ ಎಂದು ಕಂಡರೂ ಸಾಕು, ಆ ಮನೆಯವರ ಅಜ್ಜಂದಿರು ಯಾವ ಸಮುದ್ರ ದಾಟಿ ಬಂದವರೆಂದು ಹೇಳಬಲ್ಲರು.

ಇನ್ನೂ ಸೊಗಸಿನ ವಿಷಯವಿದೆ. 1266ರಲ್ಲಿ ಒಂದು ಒಪ್ಪಂದದ ಪ್ರಕಾರ ಸ್ಕಾಟ್ಲೆಂಡಿನ ರಾಜನಿಗೆ ಬಿಟ್ಟುಕೊಡುವವರೆಗೆ ಈ ದ್ವೀಪ ನಾರ್ವೆಯ ದೊರೆಗಳ ಅಧೀನದಲ್ಲಿತ್ತು. ಉತ್ತರದಿಂದ ಹಡಗೇರಿ ಬಂದವರು ಇಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ, ಇಲ್ಲಿಯ ಮಾತು ಕಲಿತು, ತಮ್ಮ ಹೆಸರಿಗೂ ಮ್ಯಾಕ್ ಸೇರಿಸಿಕೊಂಡರು. ಥಾರ್ಕೆಲ್ ಎಂಬ ನಾರ್ಸ್ ಹೆಸರಿನವನ ಮಗ ಕಾರ್ಕಿಲ್ ಆದ. ಆಟ್ಟರ್ ಎಂಬುವನ ಮಗ ಕಾಟಿಯರ್ ಆದ. ಹುರುಳು ಉತ್ತರದ್ದು, ಹೊದಿಕೆ ದ್ವೀಪದ್ದು. ಯಾವ ಶಾಸನವೂ ಯಾವ ಚರಿತ್ರೆಕಾರನೂ ಹೇಳದ ಆ ಮನೆಮನೆಯ ಬೆರಕೆಯನ್ನು ಈ ಹೆಸರುಗಳು ಹಾಗೇ ಹಿಡಿದಿಟ್ಟುಕೊಂಡಿವೆ.

ಕಬ್ಬನ್ ಕೂಡ ಇದೇ ಅಚ್ಚಿನದು. ಮ್ಯಾಕ್ ಗಿಬ್ಬನ್, ಗಿಬ್ಬನ್ ಎಂಬುವನ ಮಗ. ಮ್ಯಾಕ್‌ನ ಕಕಾರ ಮತ್ತು ಗಿಬ್ಬನ್‌ನ ಗಕಾರ ಒಂದರಲ್ಲೊಂದು ಕರಗಿ, ಸ್ವರ ಸ್ವಲ್ಪ ಹೊರಳಿ, ಕಬ್ಬನ್ ಆಯಿತು. ಗಿಬ್ಬನ್ ಎಂಬುದು ಗಿಲ್ಬರ್ಟ್ ಹೆಸರಿನ ಮುದ್ದಿನ ರೂಪ. ನಾವು ವೆಂಕಟೇಶನನ್ನು ವೆಂಕಿ ಎಂದು ಕರೆದ ಹಾಗೆ, ಗಿಲ್ಬರ್ಟನನ್ನು ಗಿಬ್ ಎಂದು ಕರೆದು, ಅದಕ್ಕೆ ಇನ್ನೊಂದು ಬಾಲ ಸೇರಿಸಿದರು. ಗಿಲ್ಬರ್ಟ್ ಜರ್ಮನ್ ಮೂಲದ ಹೆಸರು, ನಾರ್ಮನ್ನರ ಜೊತೆ ಆ ದ್ವೀಪಗಳಿಗೆ ಬಂದದ್ದು. ಹೀಗೆ ಬೆಂಗಳೂರಿನ ಮೆಟ್ರೊ ನಿಲ್ದಾಣದ ಹಲಗೆಯ ಮೇಲಿರುವ ಮೂರಕ್ಷರದಲ್ಲಿ ಒಂದು ಜರ್ಮನ್ ಹೆಸರು, ಅದನ್ನು ಹೊತ್ತು ತಂದ ಫ್ರೆಂಚ್ ಮಾತಿನವರು, ಅದಕ್ಕೆ ಮ್ಯಾಕ್ ತೊಡಿಸಿದ ಮ್ಯಾಂಕ್ಸ್ ರೈತರು, ಕೊನೆಗೆ ಕನ್ನಡದ ನಾಲಿಗೆ ಎಲ್ಲವೂ ಇವೆ. ದ್ವೀಪದಿಂದ ಕಣ್ಣಿಗೆ ಕಾಣುವಷ್ಟು ಹತ್ತಿರದ ಗ್ಯಾಲೊವೇ ಎಂಬ ಸ್ಕಾಟಿಷ್ ಸೀಮೆಯಲ್ಲಿ ಮೆಕ್ಯೂಬಿನ್ ಎಂಬ ಮನೆತನವಿದೆ. ವಿದ್ವಾಂಸರು ಅದನ್ನೂ ಇದೇ ಗಿಬ್ಬನ್‌ಗೆ ಜೋಡಿಸುತ್ತಾರೆ. ಅಲ್ಲಿ ಮ್ಯಾಕ್ ಪೂರ್ತಿ ಉಳಿಯಿತು, ಇಲ್ಲಿ ಸವೆಯಿತು.

ಈ ಸೂತ್ರಗಳನ್ನು ಜೋಡಿಸಿದವರು ಸಂಬಳಕ್ಕೆ ಕೂತ ಪಂಡಿತರಲ್ಲ. ದ್ವೀಪದ ಶಾಸನಸಭೆಯ ಸ್ಪೀಕರ್ ಆಗಿದ್ದ ಎ. ಡಬ್ಲ್ಯೂ. ಮೂರ್ 1890ರಲ್ಲಿ ಮ್ಯಾನ್ ದ್ವೀಪದ ಅಡ್ಡಹೆಸರು ಮತ್ತು ಸ್ಥಳನಾಮಗಳ ಮೇಲೆ ಪುಸ್ತಕ ತಂದರು. ಅದಾದ ಹೆಚ್ಚುಕಡಿಮೆ ಅರ್ಧ ಶತಮಾನಕ್ಕೆ, 1937ರಲ್ಲಿ, ಜೆ. ಜೆ. ನೀನ್ ಅದನ್ನು ಇನ್ನಷ್ಟು ಆಳಕ್ಕೆ ಒಯ್ದು ವ್ಯಕ್ತಿನಾಮಗಳ ಗ್ರಂಥ ಬರೆದರು. ಮ್ಯಾಂಕ್ಸ್ ಮ್ಯೂಸಿಯಂನ ನಿರ್ದೇಶಕರಾಗಿದ್ದು, ದ್ವೀಪಕ್ಕೆ ಸಂಬಂಧಪಟ್ಟ ಪುಸ್ತಕಗಳ ದೊಡ್ಡ ಸೂಚಿ ಸಿದ್ಧಪಡಿಸಿದವರ ಹೆಸರು ವಿಲಿಯಂ ಕಬ್ಬನ್. ಹೌದು, ಅದೇ ಹೆಸರು. ನಮ್ಮ ಕಮಿಷನರರ ಮನೆತನದ ಹೆಸರು ಹೊತ್ತವರೊಬ್ಬರು ದ್ವೀಪದ ನೆನಪಿನ ಕಾವಲುಗಾರರಾಗಿ ಬಾಳಿದರು ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ.

ಇದು ಹುಟ್ಟಿನ ಮಾತಾಯಿತು. ಕಸುಬಿನ ಇನ್ನೊಂದು ಕೈ ನಕ್ಷೆ. ಮೂರ್ ಅವರ ಪುಸ್ತಕ ಬಂದ ವರ್ಷವೇ ಇಂಗ್ಲೆಂಡಿನಲ್ಲಿ ಹೆನ್ರಿ ಗಪ್ಪಿ ಎಂಬವರು ಬ್ರಿಟನ್ನಿನ ಮನೆತನದ ಹೆಸರುಗಳ ತವರು ಯಾವುದು ಎಂಬ ಪುಸ್ತಕ ಪ್ರಕಟಿಸಿದರು. ಗಪ್ಪಿ ವೃತ್ತಿಯಿಂದ ವೈದ್ಯ, ಪ್ರವೃತ್ತಿಯಿಂದ ಗಿಡಮರ, ಹವಳದಿಬ್ಬಗಳನ್ನು ನೋಡುತ್ತ ಸೊಲೊಮನ್ ದ್ವೀಪಗಳವರೆಗೆ ಹೋಗಿಬಂದ ನಿಸರ್ಗ ವಿಜ್ಞಾನಿ. ಯಾವ ಗಿಡ ಯಾವ ಮಣ್ಣಿನಲ್ಲಿ ಎಷ್ಟು ಎಂದು ಎಣಿಸುವವರ ಕಣ್ಣಿನಿಂದಲೇ ಅವರು ಹೆಸರುಗಳನ್ನೂ ನೋಡಿದರು. ಎಲ್ಲರ ಹೆಸರನ್ನು ಎಣಿಸಿದರೆ ಪಟ್ಟಣಗಳ ಗೊಂದಲ ಸೇರಿಕೊಳ್ಳುತ್ತದೆ. ಆದ್ದರಿಂದ ಅವರು ಪ್ರತಿ ಸೀಮೆಯ ಡೈರೆಕ್ಟರಿಗಳಿಂದ ರೈತರ ಹೆಸರುಗಳನ್ನು ಮಾತ್ರ ಆರಿಸಿಕೊಂಡರು. ಅಷ್ಟು ಸುಲಭವಾಗಿ ಜಾಗ ಬದಲಿಸುವವರಲ್ಲ ರೈತರು. ಅವರ ಹೆಸರು ದಟ್ಟವಾಗಿರುವ ಕಡೆಯೇ ಆ ಹೆಸರಿನ ತವರು ಎಂಬುದು ಗಪ್ಪಿಯವರ ತರ್ಕ. ಕಂಪ್ಯೂಟರಿಲ್ಲದ ಕಾಲದಲ್ಲಿ ಒಬ್ಬ ಮನುಷ್ಯ ಕೂತು ಮಾಡಿದ ಆ ಎಣಿಕೆಯನ್ನು ಇವತ್ತಿಗೂ ಜನ ತೆಗೆದು ನೋಡುತ್ತಾರೆ.

ಇಂದಿನವರಿಗೆ ಅದಕ್ಕಿಂತ ಒಳ್ಳೆಯ ಉಪಕರಣವಿದೆ. ಬ್ರಿಟನ್ನಿನಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ 1801ರಿಂದ ನಡೆದಿದೆ. 1841ರಿಂದ ಪ್ರತಿಯೊಬ್ಬರ ಹೆಸರೂ ಅದರಲ್ಲಿ ಬರತೊಡಗಿತು. ಅವುಗಳಲ್ಲಿ 1881ರ ಗಣತಿಯನ್ನು ಸ್ವಯಂಸೇವಕರು ಪೂರ್ತಿಯಾಗಿ ಅಕ್ಷರಕ್ಕಿಳಿಸಿದರು. ಮೋಟಾರು, ವಿಮಾನಗಳು ಜನರನ್ನು ಚದುರಿಸುವ ಮುಂಚಿನ ಚಿತ್ರ ಅದು. ಅದರ ಮೇಲೆ ಒಂದು ಹೆಸರನ್ನು ಹರಡಿ ನೋಡಿದರೆ ಅಪರೂಪದ ಹೆಸರು ಒಂದೆರಡು ಕಡೆ ಗಾಢವಾಗಿ, ಸುತ್ತ ತೆಳುವಾಗಿ ಕಾಣುತ್ತದೆ. ಕಬ್ಬನ್ ಗಾಢವಾಗಿರುವುದು ಮ್ಯಾನ್ ದ್ವೀಪದಲ್ಲಿ. ಎರಡನೆಯ ಗುಂಪು ಎದುರು ದಡದ ಲಿವರ್‌ಪೂಲ್ ಮತ್ತು ಲ್ಯಾಂಕಾಷೈರ್ ಸೀಮೆಯಲ್ಲಿ. ದ್ವೀಪದ ಹಡಗುಗಳು ಹೋಗಿ ನಿಲ್ಲುವ ಬಂದರು ಅದು. ಕೆಲಸ ಹುಡುಕಿ ಹೊರಟ ದ್ವೀಪದವರು ಇಳಿದದ್ದು ಅಲ್ಲೇ. ನಕ್ಷೆಯ ಮೇಲಿನ ಆ ಎರಡನೆಯ ಗುಂಪು ನಿಜವಾಗಿ ಹಡಗಿನ ವೇಳಾಪಟ್ಟಿಯ ಗುರುತು.

ಹೀಗೆ ಒಂದೇ ಒಂದು ಹೆಸರನ್ನು ಹಿಡಿದು, ಜಗತ್ತಿನಲ್ಲಿ ಅದು ಎಲ್ಲೆಲ್ಲಿ ಬರೆದಿದೆಯೋ ಅಷ್ಟನ್ನೂ ಒಟ್ಟುಮಾಡುವ ಹವ್ಯಾಸಿಗಳು ಬ್ರಿಟನ್ನಿನಲ್ಲಿ 1979ರಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ನಿವೃತ್ತ ಶಿಕ್ಷಕರು, ಗುಮಾಸ್ತರು, ದಾದಿಯರು ಇಂಥ ಕೆಲಸಕ್ಕೆ ವರ್ಷಗಟ್ಟಲೆ ಕೊಡುತ್ತಾರೆ. ತಮ್ಮ ಹೆಸರಿನವರು ರಾಜರಾಗಿರಬೇಕೆಂಬ ಆಸೆ ಅವರಿಗಿಲ್ಲ. ಒಬ್ಬ ಕೂಲಿಯವನ ಮದುವೆ ದಾಖಲೆ ಸಿಕ್ಕಿದರೂ ಅವರಿಗೆ ಹಬ್ಬ.

ಮಾರ್ಕ್ ಕಬ್ಬನ್ ಅವರ ಜಾಡು ಬಹಳ ಚೊಕ್ಕಟ. ಅವರ ತಂದೆ ದ್ವೀಪದ ಈಶಾನ್ಯ ಮೂಲೆಯ ಮೌಹೋಲ್ಡ್ ಎಂಬಲ್ಲಿ ಪಾದ್ರಿ. ಸೋದರಮಾವ ಮಾರ್ಕ್ ವಿಲ್ಕ್ಸ್. ಹೈದರ್, ಟಿಪ್ಪುಗಳ ಕಾಲದ ಚರಿತ್ರೆ ಓದಿದವರಿಗೆ ಆ ಹೆಸರು ಹೊಸತಲ್ಲ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದು, ದಕ್ಷಿಣ ಭಾರತದ ಚರಿತ್ರೆ ಬರೆದು, ಮುಂದೆ ನೆಪೋಲಿಯನ್ ಸೆರೆಯಲ್ಲಿದ್ದಾಗ ಸೇಂಟ್ ಹೆಲೆನಾ ದ್ವೀಪದ ಗವರ್ನರ್ ಆಗಿದ್ದವರು. ಮಾವ ಹಾಕಿಕೊಟ್ಟ ದಾರಿಯಲ್ಲಿ ಅಳಿಯ 1800ರಲ್ಲಿ ಮದ್ರಾಸಿನ ಸೇನೆಗೆ ಬಂದರು. ಅಪರೂಪದ ಹೆಸರೊಂದು ಸಾವಿರಾರು ಮೈಲಿ ಜಿಗಿದಿರುವಾಗ ಹಿಂದೆ ಒಬ್ಬ ನೆಂಟನಿರುತ್ತಾನೆ ಎಂಬುದು ಈ ಕಸುಬಿನ ಹಳೆಯ ಅನುಭವ. ಆರೋಗ್ಯ ಕೆಟ್ಟು 1861ರಲ್ಲಿ ಊರಿಗೆ ಹೊರಟ ಕಬ್ಬನ್ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ದೇಹ ಮೌಹೋಲ್ಡ್ ತಲುಪಿ ಅಲ್ಲಿ ಮಣ್ಣಾಯಿತು. ಬೆಂಗಳೂರಿನಲ್ಲಿ ಆ ಹೆಸರು ಮನೆತನವಾಗಿ ಬೇರು ಬಿಡಲಿಲ್ಲ; ಉದ್ಯಾನವಾಗಿ, ರಸ್ತೆಯಾಗಿ, ಪೇಟೆಯಾಗಿ ಉಳಿಯಿತು. 1870ರಲ್ಲಿ ರೂಪುಗೊಂಡ ಉದ್ಯಾನಕ್ಕೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಅಧಿಕೃತವಾಗಿ ಹೆಸರಿಟ್ಟರೂ ಜನರ ಬಾಯಲ್ಲಿ ಗಿಬ್ಬನ್‌ನ ಮಗನೇ ಉಳಿದ.

ಈಗ ನಮ್ಮ ಕಡೆಗೆ ತಿರುಗೋಣ. ಅಪ್ಪನ ಹೆಸರು ಮನೆತನದ ಹೆಸರಾದ ಬಗೆ ಕಬ್ಬನ್‌ನದು. ನಮ್ಮಲ್ಲಿ ಕೊಡವರ ಒಕ್ಕದ, ಅಂದರೆ ಮನೆತನದ, ಹೆಸರುಗಳಲ್ಲಿ ಆ ಜಾತಿಯವು ಬೇಕಾದಷ್ಟಿವೆ. ಜನರಲ್ ಕಾರ್ಯಪ್ಪನವರ ಹೆಸರಿನ ಮುಂದೆ ಬರುವ ಕೊಡಂದೇರ ಅವರ ಒಕ್ಕದ ಹೆಸರು. 1924ರಲ್ಲಿ ಪಟ್ಟೋಲೆ ಪಳಮೆ ಎಂಬ ಗ್ರಂಥ ಪ್ರಕಟಿಸಿದ ಚಿಣ್ಣಪ್ಪನವರು ನಡಿಕೇರಿಯಂಡ ಒಕ್ಕದವರು. ಈ ಹೆಸರುಗಳ ಹರವನ್ನು ಒಂದೇ ಬಯಲಲ್ಲಿ ನೋಡಬೇಕೆಂದರೆ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ಹೋಗಬೇಕು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಆ ಪಂದ್ಯದಲ್ಲಿ ತಂಡವೆಂದರೆ ಒಕ್ಕ. ನಾಪೋಕ್ಲಿನಲ್ಲಿ 2024ರಲ್ಲಿ 360 ಒಕ್ಕಗಳು ಆಡಿದವು. ಅಂಕಪಟ್ಟಿಯೇ ಒಂದು ನಾಮಕೋಶ.

ಆದರೆ ಕನ್ನಡ, ತೆಲುಗು ಎರಡರಲ್ಲೂ ಹೆಚ್ಚು ರಸವತ್ತಾದದ್ದು ಊರಿನಿಂದ ಬಂದ ಹೆಸರುಗಳ ಕಥೆ. ಉತ್ತರ ಕರ್ನಾಟಕದಲ್ಲಿ ಕಸುಬಿನಿಂದ ಬಂದ ಬಡಿಗೇರ, ಕುಂಬಾರ, ಅಂಗಡಿ ಇವೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ತುಪ್ಪದ ಮುಂತಾಗಿ ಅಜ್ಜನ ವ್ಯಾಪಾರವನ್ನೋ ಅವನ ಮೇಲಿನ ಗೆಳೆಯರ ಸಲಿಗೆಯನ್ನೋ ಹೇಳುವ ಹೆಸರುಗಳಿವೆ. ಕನ್ನಡ ನಾಮವಿಜ್ಞಾನ ಎಂಬ ಪುಸ್ತಕ ಬರೆದು ಈ ಹೊಲವನ್ನು ಉತ್ತವರು ಎಂ. ಎಂ. ಕಲಬುರ್ಗಿ. ಅವರ ಹೆಸರನ್ನೇ ನೋಡಿ. ಅಡ್ಡಹೆಸರು ಕಲಬುರ್ಗಿ, ಹುಟ್ಟಿದ್ದು ಸಿಂದಗಿ ತಾಲ್ಲೂಕಿನಲ್ಲಿ. ವಿ. ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು ಧಾರವಾಡದಲ್ಲಿ. ಗಿರೀಶ ಕಾರ್ನಾಡರ ಕಾರ್ನಾಡು ಮುಲ್ಕಿಯ ಮಗ್ಗುಲಲ್ಲಿದೆ, ಅವರು ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನಿನಲ್ಲಿ. ಇದು ಆಕಸ್ಮಿಕವೇನಲ್ಲ. ಗೋಕಾಕದಲ್ಲೇ ಇರುವವನನ್ನು ಗೋಕಾಕದವನು ಎಂದು ಕರೆದರೆ ಯಾರನ್ನೂ ಗುರುತಿಸಿದಂತಾಗುವುದಿಲ್ಲ, ಅಲ್ಲಿ ಎಲ್ಲರೂ ಗೋಕಾಕದವರೇ. ಆ ಮನೆತನ ಊರು ಬಿಟ್ಟು ಇನ್ನೊಂದೂರಿಗೆ ಕಾಲಿಟ್ಟ ದಿನ, ಹೊಸ ನೆರೆಯವರ ಬಾಯಲ್ಲಿ ಆ ಹೆಸರು ಹುಟ್ಟುತ್ತದೆ. ಊರಿನ ಹೆಸರು ಹೊತ್ತ ಮನೆತನವೆಂದರೆ ಆ ಊರು ಬಿಟ್ಟ ಮನೆತನ.

ತೆಲುಗು ನಾಡಿನಲ್ಲಿ ಇದಕ್ಕೆ ಸಾಕ್ಷಿ ಹೆಜ್ಜೆಹೆಜ್ಜೆಗೆ. ಸರ್ವೇಪಲ್ಲಿ ರಾಧಾಕೃಷ್ಣನ್ 1888ರಲ್ಲಿ ಹುಟ್ಟಿದ್ದು ತಿರುತ್ತಣಿಯಲ್ಲಿ. ಸರ್ವೇಪಲ್ಲಿ ಎಂಬ ಹಳ್ಳಿ ನೆಲ್ಲೂರು ಜಿಲ್ಲೆಯಲ್ಲಿ. ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿ, ಮುಂದೆ 1931ರಲ್ಲಿ ಇಲ್ಲಿಯ ವಾಲ್ಟೇರಿಗೆ ಆಂಧ್ರ ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು. ನೆಲ್ಲೂರಿನ ಹಳ್ಳಿ ಅಷ್ಟೂ ದಾರಿ ಜೊತೆಗೆ ನಡೆಯಿತು. ಸರ್ ಎಂ.ವಿ. ಎಂದು ನಾವು ಕೈಮುಗಿಯುವವರ ‘ಎಂ’ ಮೋಕ್ಷಗುಂಡಂ. ಪ್ರಕಾಶಂ ಜಿಲ್ಲೆಯ ಆ ಹಳ್ಳಿಯಿಂದ ಅವರ ಹಿರಿಯರು ಹೊರಟು ಮುದ್ದೇನಹಳ್ಳಿಗೆ ಬಂದು ಎಷ್ಟೋ ತಲೆಮಾರು ಕಳೆದಿದ್ದವು. ಕನ್ನಡ ನಾಡಿನ ಅತಿ ಪ್ರಸಿದ್ಧ ಇನಿಷಿಯಲ್ ಒಂದು ತೆಲುಗು ಹಳ್ಳಿಯ ವಿಳಾಸ.

ವಿಜಯವಾಡದ ಹಳೆಯ ಹೆಸರು ಬೆಜವಾಡ. ಅದೂ ಒಂದು ಇಂಟಿಪೇರು, ಮತ್ತು ಕಸುಬಿನ ಎರಡನೆಯ ದೊಡ್ಡ ಪಾಠ ಕಲಿಸುವ ಹೆಸರು. 1955ರಲ್ಲಿ ಆಂಧ್ರ ರಾಜ್ಯದ ಮುಖ್ಯಮಂತ್ರಿಯಾದ, ಶಾಂತಿನಿಕೇತನದಲ್ಲಿ ಕಲಿತು ಟಾಗೋರರನ್ನು ತೆಲುಗಿಗೆ ತಂದ ಬೆಜವಾಡ ಗೋಪಾಲ ರೆಡ್ಡಿ ನೆಲ್ಲೂರು ಜಿಲ್ಲೆಯ ಬುಚ್ಚಿರೆಡ್ಡಿಪಾಳೆಂನವರು. ಮಲ ಹೊರುವ ಪದ್ಧತಿಯ ವಿರುದ್ಧ ಬಾಳಿಡೀ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ. ಒಬ್ಬರದು ರೆಡ್ಡಿ ಮನೆತನ, ಇನ್ನೊಬ್ಬರದು ಸಮಾಜ ಊರ ಹೊರಗಿಟ್ಟ ದಲಿತ ಮನೆತನ. ಹೆಸರು ಒಂದೇ. ಒಂದೇ ಇಂಟಿಪೇರು ಕಂಡ ಮಾತ್ರಕ್ಕೆ ಒಂದೇ ರಕ್ತ ಎನ್ನಲು ಬಾರದು. ಒಂದು ಊರಿನಿಂದ ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಬಾಗಿಲುಗಳಿಂದ ಹೊರಟವರೆಲ್ಲ ಅದೇ ಹೆಸರು ಹೊತ್ತಿರುತ್ತಾರೆ. ಯಾರು ಯಾವ ಬಾಗಿಲಿನವರು ಎಂದು ಬಿಡಿಸುವುದರಲ್ಲೇ ಕಸುಬುದಾರನ ಹೆಚ್ಚುಗಾರಿಕೆ.

ರಕ್ತದ ಮಾತು ಬಂದಾಗ ಇನ್ನೊಂದು ವಿಷಯ. ಬ್ರಿಯಾನ್ ಸೈಕ್ಸ್ ಎಂಬ ಆಕ್ಸ್‌ಫರ್ಡಿನ ತಳಿವಿಜ್ಞಾನಿ ತಮ್ಮದೇ ಅಡ್ಡಹೆಸರಿನ ಗಂಡಸರ ವೈ ವರ್ಣತಂತುವನ್ನು ಪರೀಕ್ಷಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಅರ್ಧದಷ್ಟು ಜನ ಒಂದೇ ಮೂಲಪುರುಷನಿಗೆ ಸೇರುವಂತೆ ಕಂಡಿತು. ಉಳಿದರ್ಧ ಬೇರೆ. ಏಕೆಂದರೆ ಹೆಸರು ದತ್ತು ಮಕ್ಕಳ ಜೊತೆಗೂ ಮನೆಯಳಿಯಂದಿರ ಜೊತೆಗೂ ನಡೆಯುತ್ತದೆ. ಇದಕ್ಕೆ ವಿಶಾಖಪಟ್ಟಣದ ಮಗನೊಬ್ಬನೇ ಉದಾಹರಣೆ. ತೆಲುಗಿನ ಮಹಾಕವಿ ಶ್ರೀಶ್ರೀ, ಅಂದರೆ ಶ್ರೀರಂಗಂ ಶ್ರೀನಿವಾಸರಾವ್, ಹುಟ್ಟಿದ್ದು ಪೂಡಿಪೆದ್ದಿ ಎಂಬ ಇಂಟಿಪೇರಿನ ಮನೆಯಲ್ಲಿ. ದತ್ತು ಹೋದದ್ದರಿಂದ ಶ್ರೀರಂಗಂ ಆದರು. ಆ ದತ್ತು ನಡೆಯದಿದ್ದರೆ ಶ್ರೀಶ್ರೀ ಎಂಬ ಕಾವ್ಯನಾಮವೇ ಇರುತ್ತಿರಲಿಲ್ಲ.

ಇಷ್ಟೆಲ್ಲ ಪುಸ್ತಕ, ಗಣತಿ, ಪ್ರಯೋಗಾಲಯ ಇಲ್ಲದೆಯೂ ಈ ಕೆಲಸವನ್ನು ನೂರಾರು ವರ್ಷ ಮಾಡಿಕೊಂಡು ಬಂದವರು ನಮ್ಮಲ್ಲೇ ಇದ್ದಾರೆ. ಉತ್ತರ ಕರ್ನಾಟಕದಲ್ಲಿ ಅವರು ಹೆಳವರು. ಇತ್ತ ತೆಲುಗು ನಾಡಿನಲ್ಲಿ ಅದೇ ಕೆಲಸದವರು ಪಿಚ್ಚಿಗುಂಟ್ಲವರು. ಒಕ್ಕಲುತನದ ಮನೆಗಳಲ್ಲಿ ಸುಗ್ಗಿ ಮುಗಿದ ಮೇಲೆ ಹೆಳವ ಬರುತ್ತಾನೆ. ಹಿಂದೆ ಬರುತ್ತಿದ್ದದ್ದು ಸಿಂಗರಿಸಿದ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ. ಅಂಗಳದಲ್ಲಿ ನಿಂತು ಮನೆಯ ಯಜಮಾನನ ಬೆಡಗು, ಅಂದರೆ ಕುಲದ ಕವಲು, ಹೇಳುತ್ತಾನೆ, ಮೂಲ ಊರು ಹೇಳುತ್ತಾನೆ, ಅಲ್ಲಿಂದ ಯಾವ ಬರಕ್ಕೋ ಯಾವ ಜಗಳಕ್ಕೋ ಹೊರಟು ಯಾವ ಊರಲ್ಲಿ ತಂಗಿದರು, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು, ಹಿರಿಯವನ ಮಕ್ಕಳೆಷ್ಟು, ಕಿರಿಯವನ ಕವಲು ಎಲ್ಲಿ ಹೋಯಿತು ಎಂದು ಒಂದೇ ಉಸಿರಿನ ಲಯದಲ್ಲಿ ಹಾಡಿದಂತೆ ಹೇಳುತ್ತಾನೆ. ಮನೆಯವರೇ ಮರೆತ ಮುತ್ತಜ್ಜಂದಿರು ಅವನ ಬಾಯಲ್ಲಿರುತ್ತಾರೆ. ಕಳೆದ ಸಲ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರು ಕೇಳಿ ಸೇರಿಸಿಕೊಳ್ಳುತ್ತಾನೆ. ಕಾಳು, ಬಟ್ಟೆ, ಉಳ್ಳವರಾದರೆ ಒಂದು ಹಸು ಅವನಿಗೆ ಸಲ್ಲುವ ಕಾಣಿಕೆ. ತಾಮ್ರಪಟಗಳನ್ನೂ ತಲೆಮಾರಿನಿಂದ ಬಂದ ಹೊತ್ತಿಗೆಗಳನ್ನೂ ಜೋಪಾನವಾಗಿ ಇಟ್ಟುಕೊಂಡ ಹೆಳವರಿದ್ದಾರೆ. ಆದರೆ ಮನೆ ಮುಂದೆ ನಿಂತಾಗ ಪುಟ ತಿರುವುವುದಕ್ಕಿಂತ ನೆನಪಿನಿಂದ ಹೇಳುವುದೇ ಅವರ ಕುಲದ ಮರ್ಯಾದೆ.

ಇವರ ಹುಟ್ಟಿನ ಬಗ್ಗೆ ತೆಲುಗು ನಾಡಿನಲ್ಲಿ ಒಂದು ಕಥೆ ಹೇಳುತ್ತಾರೆ. ಒಬ್ಬ ಕಾಪು ರೈತನಿಗೆ ನೂರೊಂದು ಮಕ್ಕಳು, ಅವರಲ್ಲಿ ಒಬ್ಬ ಹೆಳವ. ನೂರು ಜನ ಅಣ್ಣತಮ್ಮಂದಿರು ಹೊಲ ಉತ್ತು ನೂರು ಮನೆಗಳಾದರು. ನಡೆಯಲಾರದವನನ್ನು ಎತ್ತಿನ ಮೇಲೆ ಕೂರಿಸಿ, ನಮ್ಮೆಲ್ಲರ ಮನೆಗೆ ಬರುತ್ತಿರು, ನಮ್ಮನ್ನು ಒಬ್ಬರಿಗೊಬ್ಬರು ನೆನಪಿಸುತ್ತಿರು, ನಿನ್ನ ಹೊಟ್ಟೆ ನಾವು ನೋಡಿಕೊಳ್ಳುತ್ತೇವೆ ಎಂದರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಈ ಜನರೂ ಬರುತ್ತಾರೆ, ಬೇಡಿ ತಿನ್ನುವವರ ಸಾಲಿನಲ್ಲಿ. ಆ ಸಾಲಿನಲ್ಲಿ ಅವರನ್ನು ಇಟ್ಟದ್ದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಗಪ್ಪಿ ಡೈರೆಕ್ಟರಿ ನೋಡಿ ಎಣಿಸಿದ್ದನ್ನು ಇವರು ಊರೂರು ಸುತ್ತಿ ಎಣಿಸಿದರು. ಮೂರ್ ಕಡತದಲ್ಲಿ ಹುಡುಕಿದ್ದನ್ನು ಇವರು ತಂದೆಯ ಬಾಯಿಂದ ಕಲಿತರು. ವಿದ್ವಾಂಸರಿಗೆ ಸಲ್ಲುವ ಗೌರವ ಇವರಿಗೂ ಸಲ್ಲಬೇಕು. ಆಸ್ತಿಯ ಭಾಗ, ಸಂಬಂಧ ಕೂಡಿಸುವ ಮುಂಚಿನ ಬೆಡಗಿನ ವಿಚಾರಣೆ ಇಂಥ ಸಂದರ್ಭಗಳಲ್ಲಿ ಹಳ್ಳಿಗಳು ಹೆಳವನ ಮಾತಿಗೆ ಬೆಲೆ ಕೊಟ್ಟದ್ದು ಸುಮ್ಮನೆ ಅಲ್ಲ. ಒಂದು ಕವಲನ್ನು ತಪ್ಪಾಗಿ ಹೇಳಿದರೆ ಮರುವರ್ಷ ಆ ಮನೆಯ ಬಾಗಿಲು ತೆರೆಯುವುದಿಲ್ಲ. ತಪ್ಪಿಗೆ ಇಷ್ಟು ನೇರವಾದ ಶಿಕ್ಷೆ ಯಾವ ಸಂಶೋಧಕನಿಗಿದೆ?

ಹೆಳವರ ಮಕ್ಕಳು ಈಗ ಓದಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ, ಹಿಡಿಯಲಿ. ಕಲಿಯುವ ಮಕ್ಕಳಿಲ್ಲದೆ ನಿಲ್ಲುವ ಕಸುಬನ್ನು ಅವರ ಹಸಿವಿನ ಮೇಲೆ ಉಳಿಸಬೇಕೆಂದು ಕೇಳುವ ಹಕ್ಕು ನಮಗಿಲ್ಲ. ಹೊತ್ತಿಗೆಗಳ ಛಾಯಾಪ್ರತಿ, ಹಿರಿಯರ ದನಿಯ ಮುದ್ರಣ ಇವನ್ನಾದರೂ ನಮ್ಮ ವಿಶ್ವವಿದ್ಯಾಲಯಗಳು ಅವರಿಗೆ ಸರಿಯಾದ ಸಂಭಾವನೆ ಕೊಟ್ಟು ಮಾಡಿಸಿಕೊಳ್ಳಬೇಕು.

ಇನ್ನು ಪೆಂಡುರ್ತಿ. ಈ ಇಂಟಿಪೇರಿನ ಜಾಡನ್ನು ಹಿಡಿಯಬೇಕೆಂದು ಹೊರಡುವವರು ಇಲ್ಲಿಯ ರೈಲ್ವೆ ನಿಲ್ದಾಣದ ಹಲಗೆ ನೋಡಿ, ಎಲ್ಲರೂ ಇಲ್ಲಿಂದಲೇ ಹೋದವರು ಎಂದು ಕೂಡಲೇ ತೀರ್ಮಾನಿಸಬಾರದು. ಇದೇ ಹೆಸರಿನ, ಇದನ್ನು ಹೋಲುವ ಬೇರೆ ಹಳ್ಳಿಗಳಿವೆಯೇ ಎಂದು ಹಳೆಯ ಗ್ರಾಮಪಟ್ಟಿಗಳಲ್ಲಿ ಮೊದಲು ನೋಡಬೇಕು. ಆಮೇಲೆ ಮತದಾರರ ಪಟ್ಟಿ. ಆಂಧ್ರದಲ್ಲಿ ಇಂಟಿಪೇರು ಮುಂದೆ ಬರುವುದರಿಂದ ಪುಟದ ಮೇಲೆ ಕಣ್ಣಾಡಿಸಿದರೆ ಸಾಕು, ಒಂದು ಹೆಸರು ಯಾವ ಮಂಡಲದಲ್ಲಿ ದಟ್ಟವಾಗಿದೆ ಎಂದು ಕಾಣುತ್ತದೆ; ಗಪ್ಪಿಗೆ ಇಂಥ ಪಟ್ಟಿ ಸಿಕ್ಕಿದ್ದರೆ ಕುಣಿದಾಡುತ್ತಿದ್ದರು. ಇಂಗ್ಲಿಷಿನಲ್ಲಿ ಇದನ್ನು ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ, ಎಲ್ಲವನ್ನೂ ಒಟ್ಟುಗೂಡಿಸಿಕೊಳ್ಳಬೇಕು. ದಟ್ಟವಾಗಿರುವ ಕಡೆಯ ಪ್ರತಿ ಮನೆಯ ಗೋತ್ರ ಕೇಳಬೇಕು. ಇಂಟಿಪೇರು ಒಂದೇ ಇದ್ದು ಗೋತ್ರ ಬೇರೆಯಾದರೆ, ಬಾಗಿಲು ಬೇರೆ ಎಂದು ಗುರುತು ಹಾಕಿಕೊಳ್ಳಬೇಕು. ಅದಕ್ಕೂ ಹಿಂದಿನ ರೂಪಕ್ಕೆ ನೆರೆಯ ಸಿಂಹಾಚಲದ ದೇವಸ್ಥಾನವಿದೆ. ಹನ್ನೊಂದನೆಯ ಶತಮಾನದ ಕೊನೆಯಲ್ಲಿದ್ದ ಚೋಳ ದೊರೆ ಕುಲೋತ್ತುಂಗನ ಕಾಲದಿಂದ ಶುರುವಾಗಿ, 1516 ಮತ್ತು 1519ರಲ್ಲಿ ಬಂದುಹೋದ ನಮ್ಮ ಕೃಷ್ಣದೇವರಾಯನವರೆಗೆ, ಅದರಾಚೆಗೂ ಅಲ್ಲಿಯ ಕಂಬ, ಗೋಡೆಗಳ ಮೇಲೆ ಶಾಸನಗಳಿವೆ. ನಂದಾದೀಪಕ್ಕೆ, ನೈವೇದ್ಯಕ್ಕೆ ದಾನ ಕೊಟ್ಟವರು ತಾವು ಎಲ್ಲಿಯವರೆಂದು ಕೆತ್ತಿಸಿದ್ದಾರೆ. ಊರ ಹೆಸರು ಮನುಷ್ಯನ ಹೆಸರಿಗೆ ಅಂಟಿಕೊಳ್ಳುತ್ತಿರುವುದನ್ನು ಅಂಥ ಕಲ್ಲಿನ ಮೇಲೆಯೇ ಹಿಡಿಯಬೇಕು.

ಕಲ್ಲು, ಕಾಗದ ಎರಡೂ ಹೆಚ್ಚಾಗಿ ಗಂಡಸರನ್ನೇ ಹೇಳುತ್ತವೆ. ಮತದಾರರ ಪಟ್ಟಿಯಲ್ಲಿ ಹೆಣ್ಣುಮಗಳು ಗಂಡನ ಇಂಟಿಪೇರಿನೊಳಗೆ ಸೇರಿಹೋಗಿರುತ್ತಾಳೆ. ಹಾಗಾಗಿ ಮನೆಯಲ್ಲಿ ವಯಸ್ಸಾದ ಅಮ್ಮಮ್ಮ ಇದ್ದರೆ ಎಲ್ಲ ದಾಖಲೆಗಿಂತ ಮೊದಲು ಅವಳ ಹತ್ತಿರ ಕೂರಬೇಕು. ಪುಟ್ಟಿನಿಲ್ಲು (ತವರು), ಮೆಟ್ಟಿನಿಲ್ಲು (ಗಂಡನ ಮನೆ) ಎರಡರ ಇಂಟಿಪೇರೂ ಅವಳಿಗೆ ಗೊತ್ತು. ತನ್ನ ತಾಯಿಯ ತವರಿನದೂ ಗೊತ್ತು. ಯಾವ ಮನೆಗೆ ಹೆಣ್ಣು ಕೊಡಬಹುದಿತ್ತು, ಯಾವ ಮನೆಗೆ ಕೊಡುವಂತಿರಲಿಲ್ಲ, ಏಕೆ ಎಂಬುದೂ ಗೊತ್ತು. ಯಾರು ದತ್ತು ಬಂದವರು, ಯಾರು ಮನೆಯಳಿಯನಾಗಿ ಬಂದು ಹೆಸರು ಬದಲಿಸಿಕೊಂಡವರು ಎಂಬುದನ್ನು ಯಾವ ಕಚೇರಿಯ ಕಡತವೂ ಅವಳಷ್ಟು ಸರಿಯಾಗಿ ಹೇಳಲಾರದು. ಅವಳು ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಟ್ಟುಕೊಂಡು, ಆಮೇಲೆ ಪಟ್ಟಿಗಳ ಕಡೆಗೆ ಹೋಗಬೇಕು.